ತುಂಬಿಕೊಟ್ಟ ಮಾತು

ಬೆಳಿಗ್ಗೆ ಕಣ್ಣು ಬಿಟ್ಟಾಗ ಅವನಿಗೆ ಮೊದಲು ಹೊಳೆದದ್ದು ತಾನು ಚೆನ್ನಾಗಿ ನಿದ್ದೆ ಮಾಡಿದ್ದೇನೆ ಎಂಬುದು. ಅದೇ ಅವನನ್ನು ಹೆದರಿಸಿತು. ತಪ್ಪು ಮಾಡಿದವನಿಗೆ ಹಾಸಿಗೆ ಮುಳ್ಳಾಗುತ್ತದೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅವನೋ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡಿದ್ದ, ಗೋಡೆಯ ಕಡೆ ಹೊರಳಿ ಮಲಗಿದವನು ಮಗ್ಗುಲು ಬದಲಿಸಿರಲಿಲ್ಲ. ಕನ್ನಡಿಯಲ್ಲಿ ಕಣ್ಣು ಬೆಳ್ಳಗೇ ಇತ್ತು. ಕೆನ್ನೆಗೆ ಸೋಪು ಬಳಿದು ಕ್ಷೌರದ ಕತ್ತಿ ಎಳೆಯುವಾಗ ಕೈ ನಡುಗಲಿಲ್ಲ. ನಡುಗಿ ಎಲ್ಲಾದರೂ ಗೀರಿದ್ದರೆ ಸಮಾಧಾನವಾಗುತ್ತಿತ್ತೇನೋ ಎಂದುಕೊಂಡು ಬೇಕೆಂದೇ ಗಲ್ಲದ ಹತ್ತಿರ ಸ್ವಲ್ಪ ಒತ್ತಿದ. ಕತ್ತಿ ಹಳೆಯದು. ಚರ್ಮ ಮಣಿಯಿತೇ ಹೊರತು ಕುಯ್ಯಲಿಲ್ಲ.

ಅಕ್ಕ ದೇವರ ಮುಂದೆ ಕೂತಿದ್ದಳು. ಗಂಡ ಹೋದಮೇಲೆ ತಮ್ಮನ ಮನೆಗೆ ಬಂದು ಸೇರಿದವಳು; ದೇವರ ಹತ್ತಿರ ಮಾತಾಡುವ ದನಿಯಲ್ಲೇ ತಮ್ಮನ ಹತ್ತಿರವೂ ಮಾತಾಡುವಳು, ಯಾರನ್ನು ಕೇಳುತ್ತಿದ್ದಾಳೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತಿತ್ತು.

"ನಿದ್ದೆ ಬಂತೇನಪ್ಪಾ?"

"ಬಂತು."

"ಬಂದ್ರೆ ಬರ್ಲಿ ಬಿಡು. ನೀನೇನು ಕೈ ಎತ್ತಿದ್ಯಾ, ಕಾಲು ಎತ್ತಿದ್ಯಾ? ಆಗೋದಿದ್ರೆ ಆಗೇ ಆಗುತ್ತೆ, ಅದಕ್ಕೊಂದು ನೆಪ ಬೇಕು ಅಷ್ಟೆ. ನೀನು ಬರೀ ನಿಮಿತ್ತ ಕಣೋ."

ರಾತ್ರಿ ಅವನು ಅಕ್ಕನಿಗೆ ಹೇಳಿದ್ದು ಅರ್ಧ. ಬೀದಿಯಲ್ಲಿ ಯಾರನ್ನೋ ಹಿಡಿದು ಹೊಡೆದರು, ನಾನೂ ಅಲ್ಲಿದ್ದೆ, ಬಾಯಿಂದ ಏನೋ ಒಂದು ಮಾತು ಬಂತು ಎಂದಿದ್ದ. ಏನು ಮಾತು ಎಂದು ಅಕ್ಕ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವಳದೊಂದು ಭಕ್ತಿಯಿತ್ತು. ಮೊಳೆಗೆ ತಗುಲಿಸಿದ್ದ ಅಂಗಿ ತೆಗೆದು ತೊಟ್ಟ. ನಿನ್ನೆ ಇಸ್ತ್ರಿ ಮಾಡಿಸಿ ತಂದದ್ದು. ತೋಳಿನ ಗೆರೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಅಷ್ಟು ಜನ ನುಗ್ಗಾಡಿದ ಬೀದಿಯಲ್ಲಿ ಈ ಅಂಗಿಗಳು ಮುದುಡದ ಹಾಗೆ ಎದೆಗೊತ್ತಿಕೊಂಡು, ಮೊಣಕೈ ಅಗಲಿಸಿ ತಾನು ನಿಂತಿದ್ದದ್ದು ಗುಂಡಿ ಹಾಕುವಾಗ ನೆನಪಾಯಿತು. ಒಬ್ಬ ಮನುಷ್ಯ ನೆಲದ ಮೇಲೆ ಬಿದ್ದಿದ್ದ, ಅವನ ಪಕ್ಕೆಯ ಮೇಲೆ ಕಾಲುಗಳು ಬೀಳುವ ಸದ್ದು ಒದ್ದೆ ಮೂಟೆಯನ್ನು ಹಲಗೆಯ ಮೇಲೆ ಇಳಿಸಿದಂತೆ ಕೇಳುತ್ತಿತ್ತು, ಮತ್ತು ತಾನು ಅಂಗಿ ಕಾಯುತ್ತಿದ್ದ.

ಬೀದಿಯ ಮೂಲೆಯಲ್ಲಿ ಇಸ್ತ್ರಿಯವನ ತಳ್ಳುಗಾಡಿ ನಿಂತೇ ಇತ್ತು. ಹೊದಿಕೆ ಹೊದಿಸಿರಲಿಲ್ಲ. ಗಂಟುಗಳು ಬಿಚ್ಚಿಕೊಂಡು ಯಾರದೋ ಲಂಗ, ಯಾರದೋ ದಿಂಬಿನ ಚೀಲ ಇಬ್ಬನಿಗೆ ನೆನೆದಿದ್ದವು. ಕೆಳಗೆ ನೆಲದಲ್ಲಿ ಇದ್ದಿಲ ಮಸಿ, ಅದರ ಮೇಲೆ ಯಾರೋ ಕೊಡ ಸುರಿದು ಪೊರಕೆ ಆಡಿಸಿದ ಗುರುತು. ನೀರು ಮಸಿಯನ್ನು ಬಹುಪಾಲು ಒಯ್ದಿತ್ತು, ರಕ್ತದ ಕಲೆಯನ್ನು ಒಯ್ದಿರಲಿಲ್ಲ. ಹಾಲಿನ ಅಂಗಡಿಯವ ಕ್ಯಾನು ಎತ್ತಿಡುತ್ತಾ, "ಇವತ್ತು ಬಟ್ಟೆ ಇಲ್ಲ ಸಾರ್, ಇಸ್ತ್ರಿ ರಜಾ," ಎಂದು ಹಲ್ಲು ಬಿಟ್ಟ. ಅವನೂ ಹಲ್ಲು ಬಿಟ್ಟ. ನಗು ತುಟಿಯ ಮೇಲೆ ಬಂದು ಕೂತದ್ದು ಗೊತ್ತಾದಮೇಲೆ ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಕಚೇರಿಯ ಮೆಟ್ಟಿಲವರೆಗೂ ಹೊತ್ತುಕೊಂಡು ಹೋದ.

ಕಚೇರಿಯೆಂದರೆ ಒಂದು ಮುದ್ರಣಾಲಯದ ಮೇಲಿನ ಉದ್ದನೆಯ ಕೋಣೆ. ಕೆಳಗೆ ಯಂತ್ರ ಶುರುವಾದರೆ ಮೇಲೆ ಮೇಜಿನ ಮೇಲಿನ ಲೋಟ ತಾನಾಗಿ ಸರಿಯುವುದು. ಅಲ್ಲಿ ಮೂವರು ಕೂತು ಸಮಾನ ಅರ್ಥದ ಪದಗಳ ಕೋಶವೊಂದನ್ನು ವರ್ಷಗಳಿಂದ ಕಟ್ಟುತ್ತಿದ್ದರು. ಕಿವಿಯ ಮೇಲೆ ಕೂದಲು ಬೆಳೆದ ಪ್ರಧಾನ ಸಂಪಾದಕರು, ಕರಡು ತಿದ್ದುವ ದಪ್ಪನೆಯ ಮನುಷ್ಯ, ಮತ್ತು ಅವನು. ಕರಡು ತಿದ್ದುವವನಿಗೆ ಕರಡಿ ಎಂದು ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಮೈಕಟ್ಟು ಆ ಹೆಸರಿಗೆ ಮೋಸ ಮಾಡಿರಲಿಲ್ಲ. ಮೂರನೆಯವನಾದ ಅವನನ್ನು ಎಲ್ಲರೂ ತುಂಬಣ್ಣ ಎನ್ನುತ್ತಿದ್ದರು. ಅದಕ್ಕೆ ಕಾರಣ ಅವರ ಕೆಲಸದ ರೀತಿ. ಸಂಪಾದಕರು ಒಂದು ಅರ್ಥವನ್ನು ನಿಧಾನವಾಗಿ ಓದುವರು, ಕೊನೆಯಲ್ಲಿ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಕಣ್ಣು ಮುಚ್ಚುವರು. ಆ ಖಾಲಿಯೊಳಗೆ ಯಾರ ಬಾಯಿಂದ ಪದ ಮೊದಲು ಬೀಳುತ್ತದೋ ಅದು ಕೋಶಕ್ಕೆ ಸೇರುವುದು. ಯೋಚಿಸಿ ಹೇಳಿದ ಪದಕ್ಕೆ ಬೆವರಿನ ವಾಸನೆ, ತಟ್ಟನೆ ಬಿದ್ದ ಪದವೇ ಜನರ ಬಾಯಲ್ಲಿ ಬದುಕಿರುವ ಪದ ಎಂಬುದು ಅವರ ನಂಬಿಕೆ. ಆ ಆಟದಲ್ಲಿ ಅವನನ್ನು ಮೀರಿಸಿದವರಿಲ್ಲ. ಸಂಪಾದಕರು ಕಣ್ಣು ಮುಚ್ಚುವ ಮೊದಲೇ ಅವನ ನಾಲಿಗೆಯ ತುದಿಯಲ್ಲಿ ಪದ ಕುಣಿಯುತ್ತಿರುತ್ತಿತ್ತು. ಕಚೇರಿಯ ಹೊರಗೂ ಆ ಚಟ ಬಿಡಲಿಲ್ಲ. ಟಿಕೆಟು ಕೊಡುವವನು, ಔಷಧಿ ಅಂಗಡಿಯ ಮುದುಕಿ, ಅಕ್ಕನ ಪ್ರಾರ್ಥನೆ, ಯಾರು ಎಲ್ಲಿ ತಡವರಿಸಿದರೂ ಇವನು ತುಂಬುವನು. ತಾನು ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದ. ದಾರಿಯಲ್ಲಿ ಹೊರೆ ಹೊತ್ತವರನ್ನು ಕಂಡರೆ ಕೈ ಕೊಡುವುದಿಲ್ಲವೇ, ಹಾಗೆ.

"ಇವತ್ತಿನದು ಸ್ವಲ್ಪ ದೊಡ್ಡದು," ಎಂದರು ಸಂಪಾದಕರು, ಕನ್ನಡಕ ಒರೆಸುತ್ತಾ. "ಪ್ರಚೋದಕ. ಬದಲಾವಣೆಯನ್ನು ಹೊತ್ತಿಸುವಂಥದ್ದು. ತಾನು ಸಣ್ಣದಾಗಿದ್ದು ದೊಡ್ಡದನ್ನು ನಡೆಸುವಂಥದ್ದು. ಇದನ್ನು ಇನ್ನೊಂದು ಮಾತಿನಲ್ಲಿ ಹೇಳುವುದಾದರೆ..."

ಕಣ್ಣು ಮುಚ್ಚಿದರು. ಕೆಳಗೆ ಯಂತ್ರ ಶುರುವಾಯಿತು. ಲೋಟ ಸರಿಯಿತು. ಅವನು ಬಾಯಿ ತೆರೆಯಲಿಲ್ಲ.

"ಕಿಡಿ," ಎಂದ ಕರಡಿ, ಗೆಲುವಿನ ಆಶ್ಚರ್ಯದಿಂದ ಇವನ ಕಡೆ ನೋಡುತ್ತಾ. "ಏನು ತುಂಬಣ್ಣ, ಇವತ್ತು ಕೊಡ ತೂತಾ?"

ಕಿಡಿ. ನಿನ್ನೆ ಇಸ್ತ್ರಿ ಪೆಟ್ಟಿಗೆಯ ಬಾಯಿ ತೆರೆದುಕೊಂಡಾಗ ಕೆಂಡ ಮಳೆಯ ಹಾಗೆ ಸುರಿಯಿತು. ಯಾರು ಅದನ್ನು ಇಸ್ತ್ರಿಯವನ ಕೈಯಿಂದ ಕಸಿದುಕೊಂಡರೋ, ಒಂದು ಬಲವಾದ ತೋಳು, ತೋಳಿಗೆ ಗಡಿಯಾರ. ಅದಕ್ಕಿಂತ ಮೇಲೆ ಮುಖವಿರಲಿಲ್ಲ. ಕಬ್ಬಿಣ ಎದ್ದಿತು, ಇಳಿಯಿತು. ನೆಲದಲ್ಲಿದ್ದವನು ಅಷ್ಟು ಹೊತ್ತು "ಕೇಳ್ರಪ್ಪಾ, ಕೇಳ್ರಪ್ಪಾ" ಎನ್ನುತ್ತಿದ್ದ. ಆಮೇಲೆ ಅವನ ಬಾಯಿಂದ ಬಂದದ್ದು ಯಾವ ಕೋಶಕ್ಕೂ ಸೇರದ ಒಂದು ಸದ್ದು. ಬೆನ್ನ ಮೇಲಿನ ಬಟ್ಟೆ ಹೊಗೆಯಾಡಿತು. ಬಟ್ಟೆ ಸುಟ್ಟ ವಾಸನೆಗೂ ಅದರಡಿಯದು ಸುಟ್ಟ ವಾಸನೆಗೂ ನಡುವೆ ಒಂದು ಸಣ್ಣ ತಡವಿರುತ್ತದೆ, ಆ ತಡದಲ್ಲಿ ಬೀದಿಯೆಲ್ಲ ಒಮ್ಮೆ ಉಸಿರು ಹಿಡಿದಂತಾಗಿ, ಈಗ ಬಿಡುತ್ತಾರೆ, ಈಗ ಬಿಟ್ಟೇಬಿಡುತ್ತಾರೆ ಎಂದು ಅವನು ಅಂದುಕೊಂಡ. ಬಿಡಲಿಲ್ಲ. ವಾಸನೆ ಅವರಿಗೆ ಹಸಿವು ತಂದ ಹಾಗಿತ್ತು.

"ಬರೀರಿ, ಕಿಡಿ," ಎಂದರು ಸಂಪಾದಕರು. "ಮತ್ತೆ?"

"ಹೆಪ್ಪು," ಎಂದ ಕರಡಿ. ಎರಡನೆಯ ಸಲವೂ ತನ್ನದೇ ಮೊದಲಾದ ಖುಷಿಯಲ್ಲಿ ಕುರ್ಚಿ ಕಿರುಗುಟ್ಟಿಸಿದ. "ಒಂದು ಚಮಚ ಸಾಕು ಸಾರ್, ಹಂಡೆ ಹಾಲು ತಿರುಗಿಬಿಡುತ್ತೆ. ತಿರುಗಿದ್ದು ಮತ್ತೆ ಹಾಲಾಗಲ್ಲ."

"ಅಡುಗೆಮನೆ ಮಾತಾಯ್ತು. ಇರ್ಲಿ, ಒಳ್ಳೆ ಮಾತು. ಮತ್ತೆ?"

"ಕುಮ್ಮಕ್ಕು? ಚಿತಾವಣೆ?"

ಸಂಪಾದಕರು ತಲೆ ಅಲ್ಲಾಡಿಸಿದರು. "ಕುಮ್ಮಕ್ಕಿನಲ್ಲಿ ಮನಸ್ಸಿರುತ್ತೆ ಕಣಯ್ಯ. ಕೊಡೋನಿಗೆ ಏನೋ ಬೇಕಾಗಿರುತ್ತೆ. ಪ್ರಚೋದಕಕ್ಕೆ ಏನೂ ಬೇಕಾಗಿಲ್ಲ. ಅದು ಸುಮ್ಮನೆ ಅಲ್ಲಿರುತ್ತೆ, ಅದು ಇದ್ದದ್ದಕ್ಕೇ ಮಿಕ್ಕದ್ದೆಲ್ಲ ಉರಿಯುತ್ತೆ. ತುಂಬಣ್ಣ, ನೀನು ಹೇಳು, ಅದಕ್ಕೇನಂತಾರೆ?"

ಅದಕ್ಕೆ ಏನಂತಾರೆ. ನಿಮಿತ್ತ ಎಂಬ ಪದ ನಾಲಿಗೆಯ ಮೇಲೆ ಬಂದು ಕೂತಿತ್ತು, ಅಕ್ಕನ ದೇವರ ಕೋಣೆಯ ತಣ್ಣನೆಯ ವಾಸನೆಯೊಂದಿಗೆ. ನಿಮಿತ್ತ ಎಂದರೆ ಎಷ್ಟು ಹಗುರ. ನಡೆಸುವವನು ಮೇಲಿದ್ದಾನೆ, ನಾನು ಅವನ ಕೈಯ ಕೋಲು. ಆದರೆ ಆ ಮಾತನ್ನು ಹೇಳಬೇಕಾದರೆ ಕೋಲು ಕೋಲಿನ ಹಾಗೆ ಕುರುಡಾಗಿರಬೇಕು. ಅವನಿಗೆ ಗೊತ್ತಿತ್ತು. ಇಸ್ತ್ರಿಯವನ ತಲೆಯಾಡಿಸುವಿಕೆಗೆ ಏನೂ ಅರ್ಥವಿಲ್ಲ ಎಂಬುದು ಆ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅವನೊಬ್ಬನಿಗೆ ಗೊತ್ತಿತ್ತು.

ಇಸ್ತ್ರಿಯವನಿಗೆ ಉಗ್ಗು. ಸಾಮಾನ್ಯ ಉಗ್ಗಲ್ಲ, ಒಂದು ಮಾತು ಹೊರಡಬೇಕಾದರೆ ಕುತ್ತಿಗೆಯ ನರ ಉಬ್ಬಿ, ಕಣ್ಣುಗುಡ್ಡೆ ಮೇಲೆ ಸಿಕ್ಕಿ, ಬಾವಿಯಿಂದ ತುಂಬಿದ ಕೊಡ ಎಳೆದಷ್ಟು ಶ್ರಮ. ಗಿರಾಕಿಗಳಿಗೆ ಅಷ್ಟು ಹೊತ್ತು ನಿಲ್ಲಲು ಪುರುಸೊತ್ತಿಲ್ಲ. ಇವನೋ ನಿಲ್ಲುತ್ತಿದ್ದ, ನಿಂತು ತುಂಬುತ್ತಿದ್ದ. "ನಾ... ನಾ..." "ನಾಳೆ ಕೊಡ್ತೀಯಾ? ಆಗ್ಲಿ ಬಿಡು." ಇಸ್ತ್ರಿಯವನು ತಲೆಯಾಡಿಸುವನು. ಆಮೇಲೆ ನಾಳೆ ಹೋದರೆ ಬಟ್ಟೆ ಆಗಿರುತ್ತಿರಲಿಲ್ಲ. ಅವನು ಹೇಳಹೊರಟದ್ದು ಬೇರೇನೋ. ಹೋದ ವರ್ಷ ಒಂದು ದಿನ, "ಹೆಂಡ್ತಿ... ಹೆಂಡ್ತಿ..." ಎಂದು ಕಣ್ಣು ತುಂಬಿಕೊಂಡಾಗ ಇವನು, "ಹುಷಾರಿಲ್ವಾ? ಡಾಕ್ಟರ ಹತ್ರ ಕರ್ಕೊಂಡು ಹೋಗು," ಎಂದಿದ್ದ. ಅವನು ತಲೆಯಾಡಿಸಿದ್ದ. ವಾರದ ಮೇಲೆ ಇವನು ಕನಿಕರದಿಂದ, "ಹೇಗಿದಾಳೆ ಈಗ?" ಎಂದು ಕೇಳಿದಾಗ ಹಾಲಿನ ಅಂಗಡಿಯವನು ಪಕ್ಕಕ್ಕೆ ಕರೆದು, "ಅವಳನ್ನ ಮಣ್ಣು ಮಾಡಿ ಎಂಟು ದಿನ ಆಯ್ತಲ್ಲ ಸಾರ್," ಎಂದ. ಇವನ ಮುಖ ಇಷ್ಟಾಯಿತು. ಅವತ್ತು ಗೊತ್ತಾಯಿತು: ಆ ಮನುಷ್ಯ ತಿದ್ದುವುದಿಲ್ಲ. ತಿದ್ದುವುದಕ್ಕೆ ಮತ್ತೆ ಮಾತಾಡಬೇಕು. ಜನ ಏನು ತುಂಬಿಕೊಟ್ಟರೂ, ತನ್ನ ಹೆಂಡತಿಯ ಸಾವನ್ನೇ ತಪ್ಪಾಗಿ ತುಂಬಿಕೊಟ್ಟರೂ, ಹೂಂ ಎಂದು ಒಪ್ಪಿಕೊಂಡು ಕಬ್ಬಿಣ ಎಳೆಯುತ್ತಾನೆ. ಅಷ್ಟು ತಿಳಿದಮೇಲೂ ಚಟ ಬಿಟ್ಟಿತೇ? ಗಾಯದ ಮೇಲೆ ಕೈ ತಾನಾಗಿ ಹೋಗುವಂತೆ, ಆ ತಡವರಿಕೆಯ ಎದುರು ನಿಂತರೆ ಇವನ ನಾಲಿಗೆ ತುರಿಸುತ್ತಿತ್ತು.

ನಿನ್ನೆ ಸಂಜೆ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅಂಗಿಗಳನ್ನು ತೆಗೆದುಕೊಳ್ಳುತ್ತಿದ್ದ. ಒಬ್ಬ ಗಂಡಸು ಹೆಗಲ ಮೇಲೆ ಒಂದು ಹೆಣ್ಣು ಮಗುವನ್ನು ಹಾಕಿಕೊಂಡು ಬಿರಬಿರನೆ ಬಂದ. ಮಗು ಚೀರುತ್ತಿತ್ತು. ಅದರ ಬಾಯಿಂದ ರಕ್ತ ಇಳಿದು ಆ ಗಂಡಸಿನ ಅಂಗಿಯ ಬೆನ್ನಿಗೆಲ್ಲ ಹತ್ತಿತ್ತು. ಬೀದಿಯ ಜನ ತಿರುಗಿ ನೋಡಿದರು, ತಿರುಗಿ ನೋಡಿದವರನ್ನು ನೋಡಿ ಇನ್ನಷ್ಟು ಜನ. ಇಸ್ತ್ರಿಯವನು ಕಬ್ಬಿಣ ಹಿಡಿದ ಕೈಯನ್ನೇ ಎತ್ತಿ ತೋರಿಸಿ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ, "ಆ ಮಗೂನ... ಆ ಮಗೂನ..." ಎಂದ. ನರ ಉಬ್ಬಿತು. ಬೀದಿಗೆ ಬೀದಿಯೇ ಅವನ ಬಾಯನ್ನು ನೋಡುತ್ತಾ ನಿಂತಿತು. ಅಂಥ ಖಾಲಿಯನ್ನು ಇವನು ಕಚೇರಿಯಲ್ಲೂ ಕಂಡಿರಲಿಲ್ಲ. ಅದರ ಅಂಚಿನಲ್ಲಿ ನಿಂತು ತಡೆದುಕೊಳ್ಳುವುದು ಇವನಂಥವನಿಗೆ ಆಗದ ಮಾತು.

"ಕದ್ಕೊಂಡು ಹೋಗ್ತಿದಾನಾ?" ಎಂದಿದ್ದ.

ಕೇಳಿದ್ದು, ಹೇಳಿದ್ದಲ್ಲ. ನಿನ್ನೆಯಿಂದ ಅವನು ಆ ಒಂದು ಎಳೆಯನ್ನು ಹಿಡಿದುಕೊಂಡು ನೇತಾಡುತ್ತಿದ್ದ. ಆದರೆ ಇಸ್ತ್ರಿಯವನು, ಎಂದಿನಂತೆ, ತಲೆಯಾಡಿಸಿದ.

"ಹೇಳಯ್ಯ," ಎಂದರು ಸಂಪಾದಕರು.

"ಹೊಳೀತಿಲ್ಲ ಸರ್."

"ಹಾಗಾದ್ರೆ ಅರ್ಥ ಮುಗಿಸೋಣ. ಬರ್ಕೋ. ತಾನು ಬದಲಾಗದೆ, ಸುತ್ತಲಿನದನ್ನು ಬದಲಾಯಿಸುವಂಥದ್ದು."

"ತಾನು ಬದಲಾಗದೆ ಅನ್ನೋದನ್ನ ಹೊಡೆದುಹಾಕಿ ಸರ್."

"ಯಾಕೆ? ರಸಾಯನದವರು ಹಾಗೇ ಹೇಳೋದು. ಎಲ್ಲ ಉರಿದಮೇಲೂ ಅದು ಹಾಕಿದಷ್ಟೇ ಉಳಿದಿರುತ್ತಂತೆ, ಒಂದು ಗುಲಗಂಜಿ ಕಮ್ಮಿಯಿಲ್ಲದ ಹಾಗೆ. ಅದೇ ಅದರ ಚೆಂದ."

ಒಂದು ಗುಲಗಂಜಿ ಕಮ್ಮಿಯಿಲ್ಲದ ಹಾಗೆ. ಎರಡು ಸಲ ಬಡಿಸಿಕೊಂಡು ಉಂಡದ್ದು, ಮಗ್ಗುಲು ಬದಲಿಸದ ನಿದ್ದೆ, ತೋಳಿನ ಗೆರೆ. ಅವನು ಬರೆದುಕೊಂಡ. ಅಕ್ಷರ ದುಂಡಗೆ ಬಂದಿತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕರಡಿ ಸುದ್ದಿ ಬಿಚ್ಚಿದ. ಅವನ ಮನೆ ಇವನ ಬೀದಿಗೆ ಹಿಂದಿನ ಬೀದಿ. "ನಿಮ್ಮ ಇಸ್ತ್ರಿ ಉಗ್ಗನ್ನ ಬೆಳಗಿನ ಜಾವ ಪೊಲೀಸ್ನೋರು ಎತ್ಹಾಕ್ಕೊಂಡು ಹೋದ್ರಂತೆ. ಗೊತ್ತಾ? ಅವನೇ ಅಂತೆ ಕೂಗಿ ಜನ ಸೇರಿಸಿದ್ದು, ಅವನದೇ ಅಂತೆ ಕಬ್ಬಿಣ. ಆ ಏಟು ತಿಂದೋನು ಮಗೂಗೆ ಸೋದರಮಾವ ಸಾರ್. ಹಲ್ಲು ಕೀಳಿಸ್ಕೊಂಡು ಬರ್ತಿದ್ದ. ಹುಳುಕು ಹಲ್ಲು. ಹತ್ತಿ ಉಗಿದುಬಿಟ್ಟಿತಂತೆ ಮಗು, ಅದಕ್ಕೇ ರಕ್ತ. ಈಗ ಅವನು ಆಸ್ಪತ್ರೇಲಿ ಅಂಗಾತ ಮಲಗೋ ಹಾಗಿಲ್ಲ, ಮಕಾಡೆ ಮಲಗೋ ಹಾಗಿಲ್ಲ. ಪಕ್ಕೆಲುಬು ಒಳಗೆ ಚುಚ್ಚಿದೆ, ಉಳಿಯೋದು ಕಷ್ಟ ಅಂದ್ರು." ತುತ್ತು ನುಂಗಿ ಬೆರಳು ನೆಕ್ಕಿದ. "ಉಗ್ಗನಿಗೆ ಮಾತಾಡಕ್ಕೇ ಬರಲ್ಲ, ಆಡಿದ ಒಂದೇ ಒಂದು ಮಾತು ಹಿಂಗಾಗೋಯ್ತು ನೋಡಿ. ನೀವಾದ್ರೂ ಹತ್ರ ಇದ್ದಿದ್ರೆ ಸರಿಯಾದ ಪದ ತುಂಬಿಕೊಡ್ತಿದ್ರಿ, ಅಲ್ವಾ ತುಂಬಣ್ಣ?"

ಏನಾಯಿತೆಂದು ಅವನಿಗೆ ತಿಳಿದದ್ದು ಆದಮೇಲೆ. ಅಂಗೈ ಚುರುಗುಟ್ಟುತ್ತಿತ್ತು. ಕರಡಿಯ ಕನ್ನಡಕ ಬುತ್ತಿಯಲ್ಲಿ ಬಿದ್ದಿತ್ತು. ಕರಡಿ ಕೆನ್ನೆ ಹಿಡಿದುಕೊಂಡು, ನಗುವುದೋ ಅಳುವುದೋ ಗೊತ್ತಾಗದವನಂತೆ ಬಾಯಿ ತೆರೆದಿದ್ದ. ತೆರೆದ ಬಾಯಲ್ಲಿ ಅಗಿದ ಅನ್ನ ಕಾಣುತ್ತಿತ್ತು. ಅದನ್ನು ಕಂಡು ಇನ್ನೊಂದು ಏಟು ಹಾಕಿದ. ಇದನ್ನು ಬೇಕೆಂದೇ ಹಾಕಿದ. ಕುರ್ಚಿ ಸಮೇತ ಕರಡಿ ಹಿಂದಕ್ಕೆ ಉರುಳಿದ, ಉರುಳಿದವನ ಎದೆಯಂಗಿ ಹಿಡಿದು ಎತ್ತಿ ನೆಲಕ್ಕೆ ತಲೆ ಕುಟ್ಟಿದ. ಎಂಥ ಸಲೀಸು. ಮೈಯಲ್ಲಿ ಎಲ್ಲೋ ಕಟ್ಟಿಕೊಂಡಿದ್ದ ಒಂದು ಕಟ್ಟೆ ಒಡೆದು ನೀರು ನುಗ್ಗಿದ ಹಾಗೆ, ಹರಿಯುವುದು ಬಿಟ್ಟು ಬೇರೆ ಕೆಲಸವೇ ಇಲ್ಲದ ಹಾಗೆ. ಗಡಿಯಾರ ಕಟ್ಟಿದ ಆ ತೋಳಿಗೆ ಮುಖವಿರಲಿಲ್ಲ ಎಂದುಕೊಂಡಿದ್ದನಲ್ಲ. ಈಗ ಅದರ ಮೇಲೆ ಯಾವ ಮುಖ ಕೂರಿಸಿದರೂ ಒಪ್ಪುತ್ತಿತ್ತು. ಅಷ್ಟರಲ್ಲಿ ಸಂಪಾದಕರು ತಮ್ಮ ಮುದಿ ತೋಳುಗಳಿಂದ ಅವನ ಸೊಂಟ ಹಿಡಿದು, "ಬಿಡೋ, ಬಿಡೋ ಮಗನೇ, ಸತ್ತುಹೋಗ್ತಾನೆ," ಎಂದು ಎಳೆಯುತ್ತಿದ್ದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ, ಅಳುವಿತ್ತು. ಅವನು ಬಿಟ್ಟ. ನಿನ್ನೆ ಬೀದಿಯಲ್ಲಿ ಹೀಗೆ ಸೊಂಟ ಹಿಡಿದು ಎಳೆಯುವವರು ಒಬ್ಬರೂ ಇರಲಿಲ್ಲ. ತಾನಿದ್ದ. ತನ್ನ ಎರಡೂ ಕೈ ಅಂಗಿಗಳಿಗೆ ಬೇಕಾಗಿದ್ದವು.

ಕರಡಿ ಎದ್ದು ಕೂತು ಕನ್ನಡಕದ ಮೇಲಿನ ಅನ್ನ ಒರೆಸಿಕೊಂಡ. "ಹುಚ್ಚು ಹಿಡೀತಾ ನಿಮಗೆ?" ಎಂದ. ಅಷ್ಟೇ ಅಂದ. ಇವನಿಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು, ಬೀಳಲಿಲ್ಲ. ಮೆಟ್ಟಿಲಿಳಿದ. ಹಿಂದಿನಿಂದ ಸಂಪಾದಕರು, "ಮನೆಗೆ ಹೋಗಿ ಮಲ್ಕೋ," ಎನ್ನುತ್ತಿದ್ದರು.

ಮನೆಯ ದಾರಿ ಎಡಕ್ಕೆ. ಠಾಣೆ ಬಲಕ್ಕೆ. ಇಷ್ಟು ದೊಡ್ಡ ವಿಷಯವನ್ನು ಇಷ್ಟು ಸಣ್ಣ ತಿರುವಿನಲ್ಲಿ ಇಟ್ಟ ದೇವರ ಹಾಸ್ಯಕ್ಕೆ ಅವನು ಸ್ವಲ್ಪ ಹೊತ್ತು ನಿಂತುಬಿಟ್ಟ. ಎಡಕ್ಕೆ ಹೋದರೆ ಅಕ್ಕ ನೀರು ಕೊಡುತ್ತಾಳೆ, ನೀನು ಬರೀ ನಿಮಿತ್ತ ಎನ್ನುತ್ತಾಳೆ. ನಾಳೆ ಹೊಸ ಇಸ್ತ್ರಿಯವನು ಬರುತ್ತಾನೆ. ಜನ ಆ ಹಳೆಯವನ ಸುದ್ದಿಯನ್ನು ತಿಂಗಳು ಆಡಿ ಬಿಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಆಡಿದ ಮಾತು ಹೋಗುವುದಿಲ್ಲ, ಇನ್ನೊಬ್ಬರ ಮನೆಯ ಬಾಗಿಲು ತಟ್ಟಿ ಒಳಗೆ ಹೋಗಿ ಕೂರುತ್ತದೆ. ಬಲಕ್ಕೆ ಹೊರಟ. ಧೈರ್ಯದಿಂದಲ್ಲ. ಎಡಕ್ಕೆ ಹೋದರೆ ಇವತ್ತೂ ಚೆನ್ನಾಗಿ ನಿದ್ದೆ ಬಂದುಬಿಟ್ಟರೆ ಎಂಬ ಹೆದರಿಕೆಯಿಂದ.

ಠಾಣೆಯ ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ತೊಡೆಗೆ ಒರಗಿ ಒಂದು ಹೆಣ್ಣು ಮಗು, ಒಂದು ಕಡೆಯ ಕೆನ್ನೆ ಊದಿತ್ತು. ನೋಡಿದ ಕೂಡಲೇ ಯಾರೆಂದು ತಿಳಿದು ಅವನು ಕಣ್ಣು ತಗ್ಗಿಸಿ ಒಳಗೆ ಹೋದ. ಅಧಿಕಾರಿ ಮೇಜಿನ ಹಿಂದೆ ಕೂತು ಕಿವಿಯೊಳಗೆ ಬೆಂಕಿಕಡ್ಡಿ ಆಡಿಸುತ್ತಿದ್ದ. ಅಂಗಿಯ ಗೆರೆ ನೋಡಿ ಎದ್ದು ಕುರ್ಚಿ ತೋರಿಸಿದ. "ಬನ್ನಿ ಸಾರ್, ಕೂತ್ಕೊಳ್ಳಿ. ಪದಕೋಶದವರಲ್ವಾ ನೀವು? ನಮ್ಮ ಮಗಳು ನಿಮ್ಮ ಪುಸ್ತಕ ಯಾವಾಗ ಬರುತ್ತೆ ಅಂತ ಕೇಳ್ತಿರ್ತಾಳೆ."

"ನಿನ್ನೆ ಬೀದೀಲಿ ಆಯ್ತಲ್ಲ," ಎಂದ ಅವನು. "ಆ ಮಾತು ಆಡಿದ್ದು ನಾನು."

"ಯಾವ ಮಾತು?"

"ಮಗೂನ ಕದ್ಕೊಂಡು ಹೋಗ್ತಿದಾನೆ ಅಂತ." ಪ್ರಶ್ನೆಯನ್ನು ಬಿಟ್ಟೇ ಹೇಳಿದ. ಹೇಳಿದಮೇಲೆ ಹಿಡಿದಿದ್ದ ಎಳೆ ಕೈಬಿಟ್ಟಂತಾಯಿತು.

ಅಧಿಕಾರಿ ಕಡ್ಡಿ ಎಸೆದು ನಕ್ಕ. "ಒಳ್ಳೆಯವರು ನೀವು. ಪಾಪದವನಿಗೆ ಹೇಗಾದ್ರೂ ಸಹಾಯ ಮಾಡ್ಬೇಕು ಅಂತ ಬಂದಿದೀರಿ. ಆದ್ರೆ ಅವನೇ ಒಪ್ಕೊಂಡಿದಾನಲ್ಲ ಸಾರ್. ನೀನೇನಾ ಕೂಗಿದ್ದು ಅಂದ್ವಿ, ತಲೆ ಆಡಿಸ್ದ. ಕಬ್ಬಿಣ ನೀನೇ ಕೊಟ್ಯಾ ಅಂದ್ವಿ, ಅದಕ್ಕೂ ಆಡಿಸ್ದ. ಬೇಕಾದ್ರೆ ನೋಡಿ."

ಇಸ್ತ್ರಿಯವನನ್ನು ಕರೆತಂದರು. ಅವನು ನಡೆಯುತ್ತಿರಲಿಲ್ಲ, ಅಂಗಾಲು ನೆಲಕ್ಕೆ ತಾಗದ ಹಾಗೆ ಅಂಚಿನ ಮೇಲೆ ಜಾರಿಸಿಕೊಂಡು ಬಂದ. ಕೆಳತುಟಿ ಹರಿದಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು, ಇನ್ನೊಂದು ಇವನ ಮೇಲೆ ನಿಂತಿತು. ಆ ಕಣ್ಣಿನಲ್ಲಿ ಇವನು ದ್ವೇಷವನ್ನು ಹುಡುಕಿದ. ಸಿಕ್ಕಿದ್ದರೆ ಅದನ್ನು ಹಿಡಿದುಕೊಳ್ಳಬಹುದಾಗಿತ್ತು.

"ನೀನೇನೋ ಕೂಗಿದ್ದು?" ಎಂದ ಅಧಿಕಾರಿ. ಇಸ್ತ್ರಿಯವನು ತಲೆಯಾಡಿಸಿದ. ಅಧಿಕಾರಿ ಕೈ ತಿರುಗಿಸಿದ, ನೋಡಿದ್ರಾ ಎನ್ನುವಂತೆ.

"ಅವನು ಎಲ್ಲದಕ್ಕೂ ಆಡಿಸ್ತಾನೆ," ಎಂದ ಇವನು. ದನಿ ಏರಿತ್ತು. "ನೀವು ಅವನನ್ನ ಮುಖ್ಯಮಂತ್ರಿನಾ ಅಂತ ಕೇಳಿ, ಆಡಿಸ್ತಾನೆ. ಹಾಗೆ ಕೇಳ್ಬೇಡಿ. ಏನಾಯ್ತು ಅಂತ ಕೇಳಿ, ಕೇಳಿ ಸುಮ್ಮನೆ ಕಾಯಿರಿ."

"ಸಾರ್, ಇದು ಠಾಣೆ. ಅವನ ಬಾಯಿಂದ ಒಂದು ಮಾತು ಹೊರಡೋ ಹೊತ್ತಿಗೆ ನನಗೆ ನಿವೃತ್ತಿ ಆಗಿರುತ್ತೆ." ಆದರೂ, ಅಂಗಿಯ ಮರ್ಯಾದೆಗೋ ಏನೋ, ತಿರುಗಿದ. "ಹೇಳೋ. ಏನಾಯ್ತು? ಏನು ಹೇಳೋಕೆ ಹೊರಟಿದ್ದೆ?"

ನರ ಉಬ್ಬಿತು. ಹರಿದ ತುಟಿ ಅದುರಿ ಮತ್ತೆ ರಕ್ತ ಜಿನುಗಿತು. "ಆ... ಆ..." ಕೋಣೆಯಲ್ಲಿ ಮತ್ತೆ ಅದೇ ಖಾಲಿ ತೆರೆದುಕೊಂಡಿತು. ಇವನ ನಾಲಿಗೆ ಬಾಯೊಳಗೆ ಎದ್ದು ನಿಂತಿತು. ಹತ್ತು ವಾಕ್ಯಗಳು, ಎಲ್ಲವೂ ಇಸ್ತ್ರಿಯವನನ್ನು ಬಿಡಿಸುವಂಥವೇ, ಹಲ್ಲಿನ ಹಿಂದೆ ನೂಕಾಡಿದವು. ಒಂದನ್ನು ಕೊಟ್ಟರೆ ಸಾಕು, ಅವನು ತಲೆಯಾಡಿಸುತ್ತಾನೆ, ಮನೆಗೆ ಹೋಗುತ್ತಾನೆ. ಉಪಕಾರ. ಇವನು ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಕಚ್ಚಿದ. ಉಪ್ಪು ರುಚಿ ಬರುವವರೆಗೂ ಕಚ್ಚಿದ.

ಇಸ್ತ್ರಿಯವನು ಅದನ್ನು ನೋಡಿದ. ತೆರೆದ ಬಾಯಿ ಮುಚ್ಚಿದ. ಆಮೇಲೆ ತಲೆಯನ್ನು ಆಡಿಸಿದ, ಈ ಸಲ ಅಡ್ಡಡ್ಡವಾಗಿ. ಹಾಗೆ ಆಡುವುದು ಆ ಕುತ್ತಿಗೆಗೆ ಬರುತ್ತದೆಂದೇ ಇವನಿಗೆ ಗೊತ್ತಿರಲಿಲ್ಲ. ಬೆರಳೆತ್ತಿ ಇವನನ್ನು ತೋರಿಸಿದ.

"ಇ... ಇವ್ರು..." ಎಂದ. ಕಾದರು. "ಇವ್ರು ಹೊ... ಹೊರಗೆ ಹೋ... ಹೋಗ್ಲಿ. ಆ... ಆಮೇಲೆ ಹೇ... ಹೇಳ್ತೀನಿ."

ಅಧಿಕಾರಿ ಮೊದಲ ಸಲ ಇಬ್ಬರನ್ನೂ ಸರಿಯಾಗಿ ನೋಡಿದ. "ಸ್ವಲ್ಪ ಹೊರಗಿರಿ ಸಾರ್," ಎಂದ. ಬಾಗಿಲು ಮುಚ್ಚಿತು.

ಬೆಂಚಿನಲ್ಲಿ ಆ ಹೆಂಗಸಿನ ಪಕ್ಕಕ್ಕೆ ಮಾತ್ರ ಜಾಗವಿತ್ತು. ಕೂತ. ಬಾಗಿಲ ಹಿಂದೆ ಉಗ್ಗು ಶುರುವಾಗಿತ್ತು. ಮಾತು ಕೇಳುತ್ತಿರಲಿಲ್ಲ, ಮಾತು ಹೊರಬರುವ ಕಷ್ಟ ಮಾತ್ರ ಕೇಳುತ್ತಿತ್ತು, ಕಲ್ಲಿನ ಮೇಲೆ ಕಲ್ಲು ಸರಿದಂತೆ; ನಡುನಡುವೆ ಉದ್ದನೆಯ ಮೌನ. ಆ ಮೌನಗಳಲ್ಲಿ ಅಧಿಕಾರಿಯ ದನಿ ಬರಲಿಲ್ಲ. ಯಾರೋ ಅವನಿಗಾಗಿ ಕಾಯುತ್ತಿದ್ದರು. ಆ ಮಗುವಿನ ವಿಷಯದಲ್ಲಿ ಅವನು ಏನು ಹೇಳಹೊರಟಿದ್ದ? ಅದು ತನಗೆ ಎಂದೂ ತಿಳಿಯುವುದಿಲ್ಲ ಎಂಬುದು ಇವನಿಗೆ ಆಗ ಖಚಿತವಾಯಿತು. ಅದು ಅವನದು, ಅದನ್ನು ಅವನು ಇವನ ಕೈಗೆ ಸಿಗದಂತೆ ಉಳಿಸಿಕೊಂಡ.

"ಯಾರ ಕಡೆಯವರು ನೀವು?" ಎಂದಳು ಹೆಂಗಸು. ಅತ್ತು ಬತ್ತಿದ ದನಿ. "ನಾನು ಅವನ ಅಕ್ಕ. ಏಟು ತಿಂದನಲ್ಲ, ಅವನ ಅಕ್ಕ. ಬೆಳಿಗ್ಗೆಯಿಂದ ಕೂರಿಸಿದಾರೆ. ನೀವು ಅಲ್ಲಿದ್ರಾ ನಿನ್ನೆ? ನೋಡಿದ್ರಾ?"

ಅವನ ಬಾಯಲ್ಲಿ ರಕ್ತವಿತ್ತು. ನುಂಗಿಕೊಂಡ.

"ಇದ್ದೆ ಅಕ್ಕಾ. ನಿಮ್ಮ ತಮ್ಮನ್ನ ಮಕ್ಕಳ ಕಳ್ಳ ಅಂದೋನು ನಾನು."

ಅವಳು ಹೊಡೆಯುತ್ತಾಳೆಂದು ಕಾದ. ಕೆನ್ನೆಯನ್ನು ಅವಳಿಗೆ ಎಟಕುವ ಹಾಗೆ ಸ್ವಲ್ಪ ತಿರುಗಿಸಿಯೂ ಇಟ್ಟ. ಉಗಿದರೂ ಆಗುತ್ತಿತ್ತು. ಅವಳು ಬಹಳ ಹೊತ್ತು ಅವನನ್ನು ನೋಡಿದಳು, ಮುಖವನ್ನು ನೆನಪಿಟ್ಟುಕೊಳ್ಳುವವಳಂತೆ. ಆಮೇಲೆ ಮಗುವನ್ನು ಎತ್ತಿ ತನ್ನ ಇನ್ನೊಂದು ಪಕ್ಕಕ್ಕೆ, ಗೋಡೆಯ ಕಡೆಗೆ, ಕೂರಿಸಿಕೊಂಡಳು. ಸೆರಗಿನಿಂದ ಅದರ ಮುಖ ಮುಚ್ಚಿದಳು. ಅಷ್ಟೇ. ಕರಡಿಗೆ ಹಾಕಿದ ಏಟುಗಳೆಲ್ಲ, ಬೀದಿಯಲ್ಲಿ ಬಿದ್ದ ಒದೆಗಳೆಲ್ಲ, ಕಬ್ಬಿಣ ಕೂಡ, ಒಟ್ಟಿಗೆ ಬಂದು ತನ್ನ ಮೇಲೆ ಇಳಿದಂತೆ ಅವನು ಬೆಂಚಿನ ಅಂಚು ಹಿಡಿದು ಬಾಗಿದ.

ಒಳಗೆ ಕಲ್ಲು ಸರಿಯುವ ಸದ್ದು ನಿಂತಿತು. ಬಾಗಿಲು ತೆರೆಯಿತು. ಅಧಿಕಾರಿಯ ಮುಖದಲ್ಲಿ ಮಗಳ ಪುಸ್ತಕವಾಗಲಿ ಅಂಗಿಯ ಗೆರೆಯಾಗಲಿ ಇರಲಿಲ್ಲ.

"ಬಾರೋ ಒಳಗೆ," ಎಂದ.

ಅವನು ಎದ್ದ.